ಅಜೈಲ್ ಎಂದರೆ ‘ಬೇಗ ಬೇಗ ಮುಗಿಸುವುದು’ ಹೌದೇ? ತಂಡಗಳು ಎಡವುವ ಎಂಟು ಜಾಗಗಳು

“ಅಜೈಲ್ ಪದ್ಧತಿ ಅಳವಡಿಸಿಕೊಳ್ಳಿ, ಅರ್ಧ ಸಮಯದಲ್ಲಿ ಎರಡು ಪಟ್ಟು ಕೆಲಸ ಮುಗಿಸಿ!” ಇಂಥದೊಂದು ಸಂದೇಶ, ಜೊತೆಗೆ ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿದ ಚಿತ್ರ, ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಅನೇಕ ಮನೆಗಳ ಮಕ್ಕಳು ಇಂದು ಬೆಂಗಳೂರು, ಪುಣೆ, ಹೈದರಾಬಾದ್‌ಗಳ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗಲೂ ಬೆಳಿಗ್ಗೆ ನೆಟ್‌ವರ್ಕ್ ಹುಡುಕಿಕೊಂಡು ಮಾಳಿಗೆ ಹತ್ತುತ್ತಾರೆ. ಏನಪ್ಪಾ ಎಂದರೆ “ಸ್ಟ್ಯಾಂಡಪ್ ಇದೆ” ಎನ್ನುತ್ತಾರೆ. ಆ ಸ್ಟ್ಯಾಂಡಪ್ ಕೂಡ ಇದೇ ಅಜೈಲ್ ಪದ್ಧತಿಯ ಒಂದು ಭಾಗ. ಈಗ ಬ್ಯಾಂಕು, ತರಬೇತಿ ಶಿಬಿರ, ಸಣ್ಣಪುಟ್ಟ ಉದ್ಯಮಗಳಲ್ಲೂ ಈ ಪದ ಕೇಳಿಬರುತ್ತಿದೆ.

ಹಾಗಾದರೆ ಆ ಸಂದೇಶ ನಿಜವೇ?

ಚುಟುಕು ಉತ್ತರ: ಅರ್ಧ ಸತ್ಯ. ಅಜೈಲ್ ಪದ್ಧತಿ ಒಳ್ಳೆಯದೇ. ಆದರೆ ಅದು ವೇಗದ ಮಂತ್ರವಲ್ಲ. ಸ್ವಲ್ಪ ಮಾಡಿ, ಬಳಸುವವರಿಗೆ ತೋರಿಸಿ, ತಪ್ಪಿದ್ದರೆ ದಾರಿ ಬದಲಿಸುವ ವಿಧಾನ ಅದು. ದಾರಿ ಬದಲಿಸುವ ಅಧಿಕಾರವೇ ತಂಡಕ್ಕೆ ಇಲ್ಲದಿದ್ದರೆ ಸಭೆಗಳು ಹೆಚ್ಚುತ್ತವೆ, ಕೆಲಸ ಸುಧಾರಿಸುವುದಿಲ್ಲ.

ಅಜೈಲ್ ಎಲ್ಲಿಂದ ಬಂತು?

ಹಿಂದೆ ಸಾಫ್ಟ್‌ವೇರ್ ಕೆಲಸವನ್ನು ಬಹುಮಟ್ಟಿಗೆ ಕಟ್ಟಡ ಕಟ್ಟಿದಂತೆ ಮಾಡುತ್ತಿದ್ದರು. ಮೊದಲು ಬೇಡಿಕೆಗಳನ್ನೆಲ್ಲ ಬರೆದುಕೊಳ್ಳುವುದು, ಆಮೇಲೆ ನಕ್ಷೆ, ಆಮೇಲೆ ಕೋಡ್, ಕೊನೆಗೆ ಪರೀಕ್ಷೆ. ಇದಕ್ಕೆ ‘ವಾಟರ್‌ಫಾಲ್’ ಅಂದರೆ ಜಲಪಾತ ಪದ್ಧತಿ ಎಂಬ ಹೆಸರು ಬಂತು. ನೀರು ಮೇಲಿಂದ ಕೆಳಕ್ಕೆ ಬೀಳುತ್ತದೆಯೇ ಹೊರತು ಮತ್ತೆ ಮೇಲೆ ಹತ್ತುವುದಿಲ್ಲ, ಹಾಗೆ. ಈ ಪದ್ಧತಿಯ ಮೂಲ ಎಂದು ಎಲ್ಲರೂ ತೋರಿಸುವುದು ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ಎಂಜಿನಿಯರ್ 1970ರಲ್ಲಿ ಬರೆದ ಲೇಖನವನ್ನು. ತಮಾಷೆಯೆಂದರೆ, ಹೀಗೆ ಒಂದೇ ದಿಕ್ಕಿನಲ್ಲಿ ಸಾಗುವುದು ಅಪಾಯಕಾರಿ ಎಂದು ರಾಯ್ಸ್ ಅದೇ ಲೇಖನದಲ್ಲಿ ಎಚ್ಚರಿಸಿದ್ದರು. ಚಿತ್ರ ಉಳಿಯಿತು, ಎಚ್ಚರಿಕೆ ಮರೆತುಹೋಯಿತು.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಒಂದು ಪುಟ್ಟ ಪ್ರಣಾಳಿಕೆ ಬರೆದರು. ಅದರಲ್ಲಿ 4 ಮೌಲ್ಯ, 12 ತತ್ವಗಳಿವೆ. ಸಾರಾಂಶ ಇಷ್ಟೇ: ನಿಯಮಕ್ಕಿಂತ ಮನುಷ್ಯರ ಮಾತುಕತೆ ಮುಖ್ಯ, ಕಾಗದಕ್ಕಿಂತ ಓಡುವ ಸಾಫ್ಟ್‌ವೇರ್ ಮುಖ್ಯ, ಕರಾರಿನ ಚೌಕಾಸಿಗಿಂತ ಗ್ರಾಹಕರೊಂದಿಗೆ ಕೂಡಿ ಕೆಲಸ ಮಾಡುವುದು ಮುಖ್ಯ, ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಮುಖ್ಯ.

ಸ್ಕ್ರಮ್, ಕಾನ್‌ಬಾನ್ ಎಂಬವು ಈ ವಿಚಾರವನ್ನು ಜಾರಿಗೆ ತರುವ ಬೇರೆ ಬೇರೆ ವಿಧಾನಗಳು. ಸ್ಕ್ರಮ್ ಎಂಬುದು ರಗ್ಬಿ ಆಟದ ಪದ. ಕಾನ್‌ಬಾನ್ ಬಂದದ್ದು ಜಪಾನಿನ ಟೊಯೋಟಾ ಕಾರ್ಖಾನೆಯಿಂದ.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಇಂಡಿ ಭಾಗ ಲಿಂಬೆಗೆ ಹೆಸರುವಾಸಿ, ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅಲ್ಲಿನ ಲಿಂಬೆ ಬೆಳೆಗಾರರಿಗಾಗಿ ಒಂದು ಆ್ಯಪ್ ಮಾಡಲು ಬೆಂಗಳೂರಿನ ಐದು ಜನರ ತಂಡ ಹೊರಟಿದೆ ಎಂದು ಊಹಿಸಿಕೊಳ್ಳಿ. ಪೇಟೆಯ ದರ ತೋರಿಸಬೇಕು, ಮಾಲು ಒಯ್ಯಲು ಗಾಡಿ ಕರೆಸುವ ಸೌಲಭ್ಯ ಕೊಡಬೇಕು. “ನಾವು ಅಜೈಲ್” ಎಂದು ತಂಡ ಘೋಷಿಸಿದೆ. ಈ ತಂಡ ಎಲ್ಲೆಲ್ಲಿ ಎಡವಬಹುದು ನೋಡೋಣ.

1. ತಪ್ಪು ನಂಬಿಕೆ: ಅಜೈಲ್ ಎಂದರೆ ವೇಗ

‘ಅರ್ಧ ಸಮಯದಲ್ಲಿ ಎರಡು ಪಟ್ಟು ಕೆಲಸ’ ಎಂಬ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಸ್ಕ್ರಮ್ ರೂಪಿಸಿದವರಲ್ಲಿ ಒಬ್ಬರಾದ ಜೆಫ್ ಸದರ್ಲೆಂಡ್ 2014ರಲ್ಲಿ ಹೊರತಂದ ಪುಸ್ತಕದ ಉಪಶೀರ್ಷಿಕೆಯ ಅರ್ಥ ಹೆಚ್ಚುಕಡಿಮೆ ಇದೇ. ಪುಸ್ತಕದ ಹೊದಿಕೆಯ ಮೇಲಿನ ಮಾತನ್ನು ಮೇಲಧಿಕಾರಿ ಗುರಿ ಎಂದು ತಿಳಿದರೆ ತೊಂದರೆ ಶುರು. ನಾಲ್ಕು ತಿಂಗಳ ಕೆಲಸಕ್ಕೆ ಎರಡೇ ತಿಂಗಳು ಕೊಡುತ್ತಾರೆ, ತಂಡ ರಾತ್ರಿಯೆಲ್ಲ ದುಡಿಯುತ್ತದೆ.

ನಿಜವೇನು? ಆ 12 ತತ್ವಗಳಲ್ಲೇ ಒಂದು ಇದಕ್ಕೆ ವಿರುದ್ಧವಾಗಿ ಹೇಳುತ್ತದೆ: ಎಷ್ಟು ಕಾಲವಾದರೂ ದಣಿಯದೆ ಮುಂದುವರಿಸಬಲ್ಲ ಹದವಾದ ಗತಿಯಲ್ಲೇ ಕೆಲಸ ನಡೆಯಬೇಕು. ಅಜೈಲ್‌ನಲ್ಲಿ ಬೇಗ ಸಿಗುವುದು ಪೂರ್ತಿ ಕೆಲಸವಲ್ಲ, ಕೆಲಸದ ಮೊದಲ ತುಂಡು. ಆ ತುಂಡಿನಿಂದ ನಾವು ಸರಿ ದಾರಿಯಲ್ಲಿದ್ದೇವೋ ಇಲ್ಲವೋ ಎಂಬುದು ಬೇಗ ಗೊತ್ತಾಗುತ್ತದೆ. ಉಳಿತಾಯವಾಗುವುದು ಅಲ್ಲಿ, ಬೇಡದ ಕೆಲಸವನ್ನು ಮಾಡದೆ ಬಿಡುವುದರಲ್ಲಿ.

2. ಸಭೆ ಬಂತು, ಅಧಿಕಾರ ಬರಲಿಲ್ಲ

ಸ್ಟ್ಯಾಂಡಪ್ ಸಭೆಗೆ ಸ್ಕ್ರಮ್ ಕೈಪಿಡಿ ಇಟ್ಟಿರುವ ಮಿತಿ 15 ನಿಮಿಷ. ಅದು ಕೆಲಸ ಮಾಡುವವರು ತಮ್ಮ ತಮ್ಮಲ್ಲಿ ಮಾತಾಡಿಕೊಂಡು ಆ ದಿನದ ಕೆಲಸ ಹೊಂದಿಸಿಕೊಳ್ಳುವ ಸಭೆ. ಎಷ್ಟೋ ಕಡೆ ಇದು ಮ್ಯಾನೇಜರ್ ಮುಂದೆ ಹಾಜರಿ ಹೇಳುವ ಸಭೆಯಾಗಿಬಿಟ್ಟಿದೆ. ‘ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಅಡ್ಡಿ ಏನು’ ಎಂಬ ಮೂರು ಪ್ರಶ್ನೆಗಳನ್ನು ಇಂದಿಗೂ ಶಾಸ್ತ್ರದಂತೆ ಒಪ್ಪಿಸುತ್ತಾರೆ. 2020ರ ಪರಿಷ್ಕೃತ ಕೈಪಿಡಿಯಲ್ಲಿ ಆ ಮೂರು ಪ್ರಶ್ನೆಗಳೇ ಇಲ್ಲ ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಪರೀಕ್ಷೆ ಸುಲಭ. ನಮ್ಮ ಲಿಂಬೆ ಆ್ಯಪಿನ ತಂಡದಲ್ಲಿ ಒಬ್ಬಳು “ಗಾಡಿ ಕರೆಸುವ ಸೌಲಭ್ಯ ಈಗ ಬೇಡ, ಮೊದಲು ದರ ಸರಿಯಾಗಿ ತೋರಿಸೋಣ” ಎಂದು ಹೇಳುತ್ತಾಳೆ. ಅದಕ್ಕೆ “ಮೇಲಿನವರು ಆಗಲೇ ತೀರ್ಮಾನಿಸಿದ್ದಾರೆ” ಎಂಬ ಉತ್ತರ ಪ್ರತಿ ಸಲ ಬರುತ್ತಿದ್ದರೆ, ಅಲ್ಲಿರುವುದು ಹಳೆಯ ಪದ್ಧತಿಯೇ. ಹೆಸರು ಮಾತ್ರ ಹೊಸದು.

3. ಬಳಸುವವರನ್ನೇ ಮರೆಯುವುದು

ಇದು ಎಲ್ಲಕ್ಕಿಂತ ದುಬಾರಿ ತಪ್ಪು. ಎರಡೆರಡು ವಾರಕ್ಕೊಮ್ಮೆ ತಂಡ ತನ್ನ ಕೆಲಸ ತೋರಿಸುತ್ತದೆ. ಯಾರಿಗೆ? ಅದೇ ಕಚೇರಿಯ ಇನ್ನೊಂದು ಕೋಣೆಯವರಿಗೆ. ಅವರು ಚಪ್ಪಾಳೆ ತಟ್ಟುತ್ತಾರೆ. ಆರು ತಿಂಗಳಾದ ಮೇಲೆ ಆ್ಯಪ್ ಇಂಡಿಗೆ ಬರುತ್ತದೆ. ರೈತರೊಬ್ಬರು ನೋಡಿ ಕೇಳುತ್ತಾರೆ: “ತಮ್ಮಾ, ಇದರಾಗ ಕಿಲೋಕ್ಕ ಇಷ್ಟು ಅಂತ ಐತಿ. ನಾವು ಲಿಂಬಿಕಾಯಿ ಸಾವಿರದ ಲೆಕ್ಕದಾಗ ಮಾರ್ತೀವಲ್ಲ?”

ಎಣಿಕೆಯಲ್ಲಿ ಮಾರುವ ಮಾಲಿಗೆ ತೂಕದ ದರ! ಮೊದಲ ಎರಡು ವಾರದಲ್ಲೇ ಒಬ್ಬ ರೈತರಿಗೆ ತೋರಿಸಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿದ್ದ ಸಂಗತಿ ಇದು.

ಇದು ಊಹೆಯ ಕಥೆಯಾದರೂ ವಿಷಯ ಸಣ್ಣದಲ್ಲ. ನಮ್ಮ ರಾಜ್ಯದ ಬೆಳೆ ಸಮೀಕ್ಷೆಯನ್ನೇ ನೋಡಿ. ಮೊದಲು ಹಳ್ಳಿಯ ಯುವಕರು ಹೊಲಹೊಲ ತಿರುಗಿ ಮೊಬೈಲ್‌ನಲ್ಲಿ ಬೆಳೆ ದಾಖಲಿಸುತ್ತಿದ್ದರು. 2020ರ ಮುಂಗಾರಿನಲ್ಲಿ ರೈತರೇ ಆ್ಯಪ್ ಮೂಲಕ ತಮ್ಮ ಬೆಳೆಯ ವಿವರ, ಫೋಟೊ ಸೇರಿಸುವ ಅವಕಾಶ ಬಂತು. ದಾಖಲಾದ ಬೆಳೆಯನ್ನು ನೋಡಿ ಆಕ್ಷೇಪಣೆ ಸಲ್ಲಿಸಲು ‘ಬೆಳೆ ದರ್ಶಕ್’ ಆ್ಯಪ್ ಇದೆ. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಈ ದಾಖಲೆ ಬೇಕು. ತೊಗರಿ ಬಿತ್ತಿದ ಹೊಲದ ಮುಂದೆ ಬೇರೆ ಬೆಳೆಯ ಹೆಸರಿದ್ದರೆ ಸಿಂದಗಿಯ ರೈತರಾಗಲಿ ಬಸವನ ಬಾಗೇವಾಡಿಯ ರೈತರಾಗಲಿ ಅಲೆದಾಡಬೇಕಾಗುತ್ತದೆ. ಹೊಲದಲ್ಲಿ ನಿಂತವರೇ ತಪ್ಪನ್ನು ತೋರಿಸಲು ದಾರಿ ಇರಬೇಕು ಎಂಬುದೇ ಅಜೈಲ್‌ನ ಜೀವಾಳ.

4. ‘ಮುಗಿದಿದೆ’ ಎಂದರೆ ಏನು?

“ಆ ಕೆಲಸ ಮುಗಿದಿದೆ, ಟೆಸ್ಟಿಂಗ್ ಅಷ್ಟೇ ಬಾಕಿ.” ಈ ಮಾತು ಕೇಳಿದ ಕೂಡಲೇ ಎಚ್ಚರವಾಗಬೇಕು. ಪರೀಕ್ಷೆ ಬಾಕಿ ಇದ್ದರೆ ಕೆಲಸ ಮುಗಿದಿಲ್ಲ. ರಾಶಿ ಮಾಡಿ, ತೂರಿ, ಚೀಲ ತುಂಬುವವರೆಗೆ ಜೋಳ ಮನೆಗೆ ಬಂತು ಎಂದು ಯಾರೂ ಲೆಕ್ಕ ಬರೆಯುವುದಿಲ್ಲ.

ಸ್ಕ್ರಮ್‌ನಲ್ಲಿ ಇದಕ್ಕೊಂದು ಕ್ರಮವಿದೆ. ‘ಮುಗಿದಿದೆ’ ಎನ್ನಲು ಏನೇನು ಆಗಿರಬೇಕು ಎಂದು ತಂಡ ಮೊದಲೇ ಬರೆದಿಟ್ಟುಕೊಳ್ಳಬೇಕು. ಲಿಂಬೆ ಆ್ಯಪಿಗೆ ಆ ಪಟ್ಟಿ ಹೀಗಿರಬಹುದು:

• ಐದು ವರ್ಷ ಹಳೆಯ, ಅಗ್ಗದ ಫೋನಿನಲ್ಲೂ ತೆರೆಯಬೇಕು.
• ನೆಟ್‌ವರ್ಕ್ ಹೋಗಿ ಬಂದರೂ ತುಂಬಿದ ಮಾಹಿತಿ ಅಳಿಸಬಾರದು.
• ಕನ್ನಡ ಅಕ್ಷರ ಒಡೆಯದೆ ಕಾಣಬೇಕು.
• ತಂಡದ ಹೊರಗಿನ ಒಬ್ಬರಾದರೂ ಬಳಸಿ ನೋಡಿರಬೇಕು.

ಈ ಪಟ್ಟಿ ಇಲ್ಲದ ತಂಡ ಪ್ರತಿ ಎರಡು ವಾರಕ್ಕೊಮ್ಮೆ ಅರೆಬೆಂದ ಕೆಲಸ ಗುಡ್ಡೆ ಹಾಕುತ್ತ ಹೋಗುತ್ತದೆ. ಕೊನೆಗೆ ಅದೆಲ್ಲ ಒಟ್ಟಿಗೆ ತಲೆಯ ಮೇಲೆ ಬೀಳುತ್ತದೆ.

5. ಅಂಕಗಳ ಹಿಂದೆ ಓಡುವುದು

ಕೆಲಸದ ಗಾತ್ರ ಅಂದಾಜು ಮಾಡಲು ತಂಡಗಳು ‘ಸ್ಟೋರಿ ಪಾಯಿಂಟ್’ ಎಂಬ ಅಂಕ ಕೊಡುತ್ತವೆ. ಸಣ್ಣ ಕೆಲಸಕ್ಕೆ 2, ದೊಡ್ಡದಕ್ಕೆ 8, ಹೀಗೆ. ಇದು ತಂಡದ ಒಳಗಿನ ಅಂದಾಜು ಮಾತ್ರ. ಕೆಲವು ಮ್ಯಾನೇಜರ್‌ಗಳು ಅದನ್ನು ಪರೀಕ್ಷೆಯ ಅಂಕಪಟ್ಟಿ ಮಾಡಿಕೊಳ್ಳುತ್ತಾರೆ. “ಆ ತಂಡ 40 ಅಂಕ ಮಾಡಿದೆ, ನೀವು 25 ಮಾತ್ರ ಯಾಕೆ?”

ಆಗ ಏನಾಗುತ್ತದೆ? ಮುಂದಿನ ಸಲ ಅದೇ ಗಾತ್ರದ ಕೆಲಸಕ್ಕೆ 2ರ ಬದಲು 5 ಅಂಕ ಬೀಳುತ್ತದೆ. ಲೆಕ್ಕ ಏರುತ್ತದೆ, ಕೆಲಸ ಇದ್ದಷ್ಟೇ ಇರುತ್ತದೆ. ಅಳತೆಗೋಲನ್ನೇ ಗುರಿ ಮಾಡಿಕೊಂಡರೆ ಅದು ಅಳತೆಗೋಲಾಗಿ ಉಳಿಯುವುದಿಲ್ಲ ಎಂಬ ಈ ಮಾತು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. 2001ರ ಪ್ರಣಾಳಿಕೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ರಾನ್ ಜೆಫ್ರೀಸ್, ಸ್ಟೋರಿ ಪಾಯಿಂಟ್ ತಮ್ಮದೇ ಕಲ್ಪನೆಯಿರಬಹುದು, ಹಾಗಿದ್ದರೆ ಅದಕ್ಕೆ ವಿಷಾದವಿದೆ ಎಂದು ಬರೆದುಕೊಂಡಿದ್ದಾರೆ.

6. ತಪ್ಪು ನಂಬಿಕೆ: ಅಜೈಲ್‌ನಲ್ಲಿ ಯೋಜನೆ ಬೇಡ, ದಾಖಲೆ ಬೇಡ

“ನಾವು ಅಜೈಲ್, ಬರೆದಿಡುವುದಿಲ್ಲ” ಎಂಬುದು ಸೋಮಾರಿತನಕ್ಕೆ ಸಿಕ್ಕ ಒಳ್ಳೆಯ ನೆಪ. ಪ್ರಣಾಳಿಕೆ ಹಾಗೆ ಹೇಳಿಲ್ಲ. ದಾಖಲೆಗೂ ಯೋಜನೆಗೂ ಬೆಲೆ ಇದೆ, ಆದರೆ ಓಡುವ ಸಾಫ್ಟ್‌ವೇರ್‌ಗೆ, ಬದಲಾವಣೆಗೆ ಸ್ಪಂದಿಸುವುದಕ್ಕೆ ಇನ್ನೂ ಹೆಚ್ಚು ಬೆಲೆ ಕೊಡುತ್ತೇವೆ ಎಂದಷ್ಟೇ ಅದು ಹೇಳುವುದು.

ಸ್ವಸಹಾಯ ಸಂಘದ ತಾಯಂದಿರು ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ತೆರೆದಿಡುತ್ತಾರಲ್ಲವೇ? ಯಾರ ಕಂತು ಬಂತು, ಯಾರದು ಬಾಕಿ ಎಲ್ಲರಿಗೂ ಕಾಣುತ್ತದೆ. ಪುಸ್ತಕವೇ ಇಲ್ಲದಿದ್ದರೆ ಸಭೆ ಹರಟೆಯಾಗುತ್ತದೆ. ತಂಡಕ್ಕೂ ಅಷ್ಟೇ. ಐದು ಜನರಲ್ಲಿ ಒಬ್ಬ ಬೇರೆ ಕಂಪನಿಗೆ ಹೋದರೆ ಉಳಿದ ನಾಲ್ವರಿಗೆ ಅವನ ಕೆಲಸ ಅರ್ಥವಾಗಬೇಕು. ಅಷ್ಟು ದಾಖಲೆ ಇರಲೇಬೇಕು.

7. ಹಿನ್ನೋಟದ ಸಭೆಯಲ್ಲಿ ತಪ್ಪಿತಸ್ಥರ ಹುಡುಕಾಟ

ಪ್ರತಿ ಸುತ್ತು ಮುಗಿದ ಮೇಲೆ ‘ರೆಟ್ರೊಸ್ಪೆಕ್ಟಿವ್’ ಎಂಬ ಹಿನ್ನೋಟದ ಸಭೆ ನಡೆಯುತ್ತದೆ. ಏನು ಚೆನ್ನಾಗಿ ನಡೆಯಿತು, ಏನು ಬದಲಾಗಬೇಕು ಎಂದು ತಂಡ ಮಾತಾಡಿಕೊಳ್ಳಬೇಕು. ಇದು “ಯಾರಿಂದ ತಡವಾಯಿತು?” ಎಂಬ ಪಂಚಾಯಿತಿಯಾದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ತೊಂದರೆ ಕಂಡರೂ ಮುಚ್ಚಿಡುತ್ತಾರೆ.

ಟೊಯೋಟಾ ಕಾರ್ಖಾನೆಯಲ್ಲಿ ಕಾರು ಜೋಡಿಸುವ ಸಾಲಿನ ಪಕ್ಕ ಒಂದು ಹಗ್ಗ ಇರುತ್ತಿತ್ತು. ತಪ್ಪು ಕಂಡ ಯಾವ ಕಾರ್ಮಿಕರೂ ಅದನ್ನು ಎಳೆದು ಸಹಾಯ ಕರೆಯಬಹುದಿತ್ತು, ಬೇಕಾದರೆ ಇಡೀ ಸಾಲೇ ನಿಲ್ಲುತ್ತಿತ್ತು. ಹಗ್ಗ ಎಳೆದವರನ್ನು ಬೈಯುವ ಕಡೆ ಆ ಹಗ್ಗ ಇದ್ದೂ ಇಲ್ಲದಂತೆ.

ಇನ್ನೊಂದು ತಪ್ಪು, ಸಭೆಯಲ್ಲಿ ಇಪ್ಪತ್ತು ಸಲಹೆ ಬರೆದು ಒಂದನ್ನೂ ಜಾರಿಗೆ ತರದಿರುವುದು. ಒಂದೇ ಬದಲಾವಣೆ ಆರಿಸಿ, ಅದನ್ನು ಮಾಡಿ, ಮುಂದಿನ ಸಲ ಫಲ ನೋಡುವುದು ಮೇಲು.

8. ಎಲ್ಲದಕ್ಕೂ, ಎಲ್ಲ ಕಡೆ, ಒಂದೇ ದಿನ

“ಸೋಮವಾರದಿಂದ ಇಡೀ ಕಂಪನಿ ಅಜೈಲ್” ಎಂಬ ಆದೇಶ ಅಜೈಲ್‌ಗೇ ವಿರುದ್ಧ. ಒಂದೆರಡು ತಂಡಗಳಲ್ಲಿ ನಡೆಸಿ, ಕಲಿತು, ಆಮೇಲೆ ಹರಡಬೇಕು. ಕರ್ನಾಟಕದ ‘ಸಕಾಲ’ ಯೋಜನೆ ಬಂದದ್ದು ಹೀಗೆಯೇ. 2012ರ ಮಾರ್ಚ್‌ನಲ್ಲಿ ಔರಾದ್, ಧಾರವಾಡ, ಚಿತ್ರದುರ್ಗ, ಪುತ್ತೂರು ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗವಾಗಿ ಶುರುವಾಗಿ, ಏಪ್ರಿಲ್‌ನಲ್ಲಿ 151 ಸೇವೆಗಳೊಂದಿಗೆ ರಾಜ್ಯಕ್ಕೆಲ್ಲ ಬಂತು. ಆಮೇಲೆ ಸೇವೆಗಳ ಸಂಖ್ಯೆ ಹೆಚ್ಚುತ್ತ ಹೋಯಿತು. ಅದನ್ನು ಅಜೈಲ್ ಎಂದು ಕರೆಯಬೇಕಿಲ್ಲ, ಆದರೆ ಸಣ್ಣದಾಗಿ ಶುರುಮಾಡಿ ಹಿಗ್ಗಿಸುವ ಬುದ್ಧಿ ಅದೇ.

ಅಜೈಲ್ ಎಲ್ಲ ಕೆಲಸಕ್ಕೂ ಹೊಂದುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಇದಕ್ಕೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕೃಷ್ಣಾ ನದಿಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿತ್ತು. ಅಣೆಕಟ್ಟೆಯ ಗೋಡೆಯನ್ನು “ಎರಡು ವಾರ ಕಟ್ಟಿ ನೋಡೋಣ, ಸರಿಹೋಗದಿದ್ದರೆ ಬದಲಿಸೋಣ” ಎನ್ನಲಾಗದು. ಅಲ್ಲಿ ಮೊದಲೇ ಪೂರ್ತಿ ಲೆಕ್ಕ, ಪೂರ್ತಿ ನಕ್ಷೆ ಬೇಕು.

ಅದೇ ಜಲಾಶಯದ ನೀರನ್ನು ಕಾಲುವೆಗೆ ಬಿಡುವ ವಿಚಾರ ನೋಡಿ. ಅದು ಬೇರೆ ರೀತಿಯ ಕೆಲಸ. ಪ್ರತಿ ಹಂಗಾಮಿಗೆ ನೀರಾವರಿ ಸಲಹಾ ಸಮಿತಿ ಸೇರುತ್ತದೆ. ಒಳಹರಿವು ಎಷ್ಟು, ಜಲಾಶಯದಲ್ಲಿ ನೀರು ಎಷ್ಟು ಎಂದು ನೋಡಿ, ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್ ಎಂದು ಸರದಿ ಗೊತ್ತುಮಾಡುತ್ತದೆ. ಮಳೆ ಬದಲಾದರೆ ಲೆಕ್ಕವೂ ಬದಲಾಗಬೇಕಾಗುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪಿತೇ ಇಲ್ಲವೇ ಎಂಬುದು ಅಲ್ಲಿನ ರೈತರಿಗೇ ಮೊದಲು ಗೊತ್ತಾಗುವುದು.

ಗೋಡೆಗೆ ಗಟ್ಟಿ ಯೋಜನೆ, ಸರದಿಗೆ ಹೊಂದಾಣಿಕೆ. ನಿಮ್ಮ ಕೆಲಸದಲ್ಲಿ ಗೋಡೆ ಯಾವುದು, ಸರದಿ ಯಾವುದು ಎಂದು ಮೊದಲು ಬೇರ್ಪಡಿಸಿ. ಲಿಂಬೆ ಆ್ಯಪಿನಲ್ಲಿ ರೈತರ ಹಣ, ಬ್ಯಾಂಕ್ ವಿವರದ ಭದ್ರತೆ ಗೋಡೆ. ಅಲ್ಲಿ ಪ್ರಯೋಗ ಬೇಡ. ದರ ಯಾವ ಪುಟದಲ್ಲಿ ಕಾಣಬೇಕು ಎಂಬುದು ಸರದಿ. ಅದನ್ನು ಬೇಕಾದಷ್ಟು ಸಲ ಬದಲಿಸಬಹುದು.

ಹಾಗಾದರೆ ಅಜೈಲ್ ಕೆಲಸಕ್ಕೆ ಬರುತ್ತದೆಯೇ?

ಖಂಡಿತ ಬರುತ್ತದೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕಾಗದದ ಕಡತಗಳ ಬದಲು ಕಂಪ್ಯೂಟರ್ ವ್ಯವಸ್ಥೆ ತರಲು ಹೊರಟಿತ್ತು. ಮೊದಲ ಪ್ರಯತ್ನಕ್ಕೆ ಸುಮಾರು 17 ಕೋಟಿ ಡಾಲರ್ ಸುರಿದು, 2005ರಲ್ಲಿ ಅದನ್ನು ಕೈಬಿಡಬೇಕಾಯಿತು. ಎರಡನೆಯ ಪ್ರಯತ್ನವೂ ತಡವಾಗುತ್ತ ಹೋದಾಗ, 2010ರಲ್ಲಿ ಸಂಸ್ಥೆ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡಿತು. ಸಣ್ಣ ತಂಡ, ಎರಡು ವಾರದ ಸುತ್ತುಗಳು, ಪ್ರತಿ ಸುತ್ತಿನ ಕೊನೆಗೆ ಓಡುವ ಸಾಫ್ಟ್‌ವೇರ್ ತೋರಿಸುವುದು, ಹೀಗೆ ಅಜೈಲ್ ಕ್ರಮದಲ್ಲಿ ನಡೆಯಿತು. 2012ರ ಜುಲೈನಲ್ಲಿ ‘ಸೆಂಟಿನೆಲ್’ ಎಂಬ ಆ ವ್ಯವಸ್ಥೆ ಬಳಕೆಗೆ ಬಂತು.

ಗಮನಿಸಿ, ಅದು ಕೂಡ ಹೇಳಿದ ದಿನಕ್ಕೆ ಮುಗಿಯಲಿಲ್ಲ. ನಡುವೆ ಪರೀಕ್ಷೆಯಲ್ಲಿ ತೊಂದರೆ ಕಂಡು ಗಡುವು ಮುಂದೂಡಬೇಕಾಯಿತು. ಆದರೆ ತೊಂದರೆ ಮುಂಚೆಯೇ ಕಂಡಿತು, ಸರಿಪಡಿಸಲು ಆಯಿತು. ಅಜೈಲ್ ಕೊಡುವ ಭರವಸೆ ಅಷ್ಟೇ, ಆದರೆ ಅದು ಚಿಕ್ಕದಲ್ಲ.

ನಿಮ್ಮ ತಂಡಕ್ಕೆ ಐದು ಪ್ರಶ್ನೆ

ನೀವು ಕಂಪನಿಯಲ್ಲಿರಿ, ಸಂಘದಲ್ಲಿರಿ, ಊರಲ್ಲೇ ಸಣ್ಣ ಉದ್ಯಮ ನಡೆಸುತ್ತಿರಿ, ಈ ಐದು ಪ್ರಶ್ನೆ ಕೇಳಿಕೊಳ್ಳಿ:

1. ಕಳೆದ ಒಂದು ತಿಂಗಳಲ್ಲಿ ನಿಜವಾಗಿ ಬಳಸುವ ಒಬ್ಬರಿಗಾದರೂ ನಮ್ಮ ಕೆಲಸ ತೋರಿಸಿದ್ದೇವೆಯೇ?
2. ಅವರು ಹೇಳಿದ್ದರಿಂದ ಏನಾದರೂ ಬದಲಾಯಿತೇ?
3. ‘ಮುಗಿದಿದೆ’ ಎಂಬುದಕ್ಕೆ ಎಲ್ಲರಿಗೂ ಒಂದೇ ಅರ್ಥ ಇದೆಯೇ?
4. ತಪ್ಪು ಕಂಡವರು ಹೆದರದೆ ಹೇಳಬಹುದೇ?
5. ಈಗಿನ ಗತಿಯಲ್ಲೇ ಇನ್ನೊಂದು ವರ್ಷ ಕೆಲಸ ಮಾಡಲು ಸಾಧ್ಯವೇ?

ಐದಕ್ಕೂ ಹೌದು ಎಂಬ ಉತ್ತರ ಬಂದರೆ, ಗೋಡೆಯ ಮೇಲೆ ಬಣ್ಣದ ಚೀಟಿ ಇಲ್ಲದಿದ್ದರೂ ನಡೆಯುತ್ತದೆ. ಎರಡನೆಯದಕ್ಕೆ ಇಲ್ಲ ಎಂದಾದರೆ, ದಿನಕ್ಕೆ ನಾಲ್ಕು ಸ್ಟ್ಯಾಂಡಪ್ ಮಾಡಿದರೂ ಉಪಯೋಗವಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ

‘ಅರ್ಧ ಸಮಯದಲ್ಲಿ ಎರಡು ಪಟ್ಟು ಕೆಲಸ’ ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು. ಅಜೈಲ್‌ನಿಂದ ಕೆಲಸ ತಾನಾಗಿ ಬೇಗ ಮುಗಿಯುವುದಿಲ್ಲ, ತಪ್ಪು ಬೇಗ ಕಾಣುತ್ತದೆ. ಕಂಡ ತಪ್ಪನ್ನು ತಿದ್ದಲು ತಂಡಕ್ಕೆ ಬಿಟ್ಟರೆ ಮಾತ್ರ ಲಾಭ. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಮೇಲಿನ ಐದು ಪ್ರಶ್ನೆಗಳನ್ನೂ ಜೊತೆಗೆ ಕಳಿಸಿ. ಹಬ್ಬಕ್ಕೆ ಬಂದ ಮಗ ಅಥವಾ ಮಗಳು ಸ್ಟ್ಯಾಂಡಪ್ ಮುಗಿಸಿ ಮಾಳಿಗೆಯಿಂದ ಇಳಿದಾಗ, “ನಿಮ್ಮ ಕೆಲಸ ಬಳಸುವವರು ಯಾರು, ಅವರನ್ನು ಕೇಳಿದ್ದೀರಾ?” ಎಂದು ನೀವೂ ಒಂದು ಮಾತು ಕೇಳಬಹುದು.